ಚಿಗರಿ: ನಡುವೆ ಓಟ, ತುದಿಗಳಲ್ಲಿ ಏಗಾಟ

ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಬಗ್ಗೆ ಅವಳಿ ನಗರದಲ್ಲಿ ಎರಡು ಮಾತು ಕೇಳುತ್ತವೆ. ದಿನಾ ಅಡ್ಡಾಡುವ ಕಾಲೇಜು ಹುಡುಗರು, ನೌಕರಿಯವರು "ಇದೊಂದ ಚಲೋ ಆತ್ ನೋಡ್ರಿ" ಅನ್ನುತ್ತಾರೆ. ಪಕ್ಕದ ಲೇನಿನಲ್ಲಿ ಸ್ಟೀರಿಂಗ್ ಹಿಡಿದು ಕಾಯುವವರು "ರಸ್ತಾ ಅರ್ಧಾ ನುಂಗೇತಿ" ಅನ್ನುತ್ತಾರೆ. ಇಬ್ಬರೂ ನೋಡುತ್ತಿರುವುದು ಒಂದೇ ಹಾದಿಯನ್ನು, ಆದರೆ ಅದರ ಬೇರೆ ಬೇರೆ ತುಂಡುಗಳನ್ನು. ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದ ಅಂಚಿನ ತನಕ ಚಿಗರಿಯಷ್ಟು ಒಳ್ಳೆಯ ನಗರ ಸಾರಿಗೆ ರಾಜ್ಯದ ಎರಡನೇ ಸಾಲಿನ ಯಾವ ಊರಿನಲ್ಲೂ ಇಲ್ಲ. ಅದೇ ಬಸ್ಸು ಹುಬ್ಬಳ್ಳಿಯ ಪೇಟೆಯೊಳಗೋ ಧಾರವಾಡದ ಜ್ಯುಬಿಲಿ ಸರ್ಕಲ್ಲಿನ ಆಚೆಗೋ ಹೊಕ್ಕ ಕೂಡಲೇ ಉಳಿದ ಬಸ್ಸುಗಳ ಹಾಗೆ ಆಟೋ, ಬೈಕು, ತಳ್ಳುಗಾಡಿಗಳ ನಡುವೆ ಸಿಕ್ಕಿ ನಿಲ್ಲುತ್ತದೆ. ಈ ಸೇವೆಯ ಒಳ್ಳೆಯದು ಕೆಟ್ಟದು ಎರಡಕ್ಕೂ ಬೇರು ಇಲ್ಲಿದೆ.

ಹೆಸರನ್ನು ಮಾತ್ರ ಬಲ್ಲವರೇ ಇಟ್ಟಿದ್ದಾರೆ. ಈ ಕಡೆ ಜಿಂಕೆಗೆ, ಅದರಲ್ಲೂ ಕೃಷ್ಣಮೃಗಕ್ಕೆ, ಚಿಗರಿ ಅನ್ನುತ್ತಾರೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಅದಕ್ಕೇ ಒಂದು ಅಭಯಾರಣ್ಯವಿದೆ. ಚಿಗರಿ ಬಯಲಿನ ಪ್ರಾಣಿ. ಎದುರಿಗೆ ಜಾಗ ಖುಲ್ಲಾ ಇದ್ದರೆ ಹಿಡಿಯುವವರಿಲ್ಲ, ಓಣಿಯೊಳಗೆ ಸಿಕ್ಕರೆ ದಿಕ್ಕು ತಪ್ಪುತ್ತದೆ. ಬಸ್ಸೂ ಹಾಗೇ ಆಗಿದೆ.

ಹೊರಗಿನಿಂದ ಬರುವವರಿಗೆ ನಾಲ್ಕು ಸಾಲು ಹಿನ್ನೆಲೆ ಬೇಕು. ಹುಬ್ಬಳ್ಳಿ, ಧಾರವಾಡ ಎರಡೂ 1962ರಲ್ಲಿ ಒಂದೇ ಮಹಾನಗರ ಪಾಲಿಕೆಗೆ ಸೇರಿದ ಊರುಗಳು, ನಡುವೆ ಸುಮಾರು 20 ಕಿಲೋಮೀಟರ್. ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ನಟ್ಟನಡುವೆ ಬಸ್ಸಿಗೆಂದೇ ಪ್ರತ್ಯೇಕ ಪಥ ಬಿಟ್ಟು ಕಟ್ಟಿದ್ದೇ ಬಿ.ಆರ್.ಟಿ.ಎಸ್., ಅಂದರೆ ತ್ವರಿತ ಬಸ್ ಸಾರಿಗೆ ವ್ಯವಸ್ಥೆ; ಅದರಲ್ಲಿ ಓಡುವ ಬಸ್ಸೇ ಚಿಗರಿ. ಇಡೀ ಹಾದಿ ಸುಮಾರು 22 ಕಿಲೋಮೀಟರ್, ನಿಲ್ದಾಣಗಳು ಮೂವತ್ತರ ಆಸುಪಾಸು. ಪ್ರಾಯೋಗಿಕ ಓಡಾಟ ಶುರುವಾದದ್ದು 2018ರ ಅಕ್ಟೋಬರ್ 2ರಂದು. ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದ್ದು 2020ರ ಫೆಬ್ರವರಿ 2ರಂದು. ನೂರು ಹವಾನಿಯಂತ್ರಿತ ಬಸ್ಸು ಬಂದವು. ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ.

ಮೊದಲ ಸಲ ಹತ್ತುವವರು ಗೊಂದಲಕ್ಕೆ ಬೀಳುವುದು ನಿಲ್ದಾಣ ಎಲ್ಲಿದೆ ಎಂಬಲ್ಲಿ. ರೂಢಿಯಂತೆ ರಸ್ತೆಯ ಎಡಬದಿಗೆ ನಿಂತು ಕೈ ಮಾಡಿದರೆ ಚಿಗರಿ ನಿಲ್ಲುವುದಿಲ್ಲ. ಅದು ನಡುಪಥದಲ್ಲಿ ಓಡುತ್ತದೆ, ನಿಲ್ದಾಣವೂ ರಸ್ತೆಯ ನಡುವೆಯೇ ಇದೆ, ಹತ್ತುವ ಬಾಗಿಲು ಬಸ್ಸಿನ ಬಲಗಡೆ. ಪಥ ಮುಗಿದು ಊರೊಳಗಿನ ಮಾಮೂಲಿ ರಸ್ತೆಗೆ ಇಳಿದ ಮೇಲೆ ಎಡಗಡೆಯ ಬಾಗಿಲು ಕೆಲಸಕ್ಕೆ ಬರುತ್ತದೆ. ಹಾಗಾಗಿ ಇಳಿಯಲು ಎದ್ದು ನಿಲ್ಲುವ ಮುನ್ನ ಮುಂದಿನ ನಿಲ್ದಾಣ ನಡುರಸ್ತೆಯದೋ ರಸ್ತೆಬದಿಯದೋ ನೋಡಿಕೊಳ್ಳಿ. ಗದ್ದಲದ ಹೊತ್ತಿನಲ್ಲಿ ಎಡಬಾಗಿಲಿಗೆ ಒತ್ತಿಕೊಂಡು ನಿಂತವರು ಬಲಬಾಗಿಲು ತೆರೆದಾಗ ಇಡೀ ಬಸ್ಸು ದಾಟಿ ಬರಬೇಕಾಗುತ್ತದೆ. ದೊಡ್ಡ ಚೀಲ ಇದ್ದರಂತೂ ಪಾಡು ಕೇಳಬೇಡಿ.

ಟಿಕೀಟು ಬಸ್ಸಿನಲ್ಲಿ ಅಲ್ಲ, ನಿಲ್ದಾಣದ ಕೌಂಟರಿನಲ್ಲಿ. ಇಳಿಯುವ ಊರು ಹೇಳಿ, ದುಡ್ಡು ಕೊಟ್ಟು, ಚೀಟಿ ತೆಗೆದುಕೊಂಡು ಗೇಟು ದಾಟಬೇಕು. ದಿನಾ ಅಡ್ಡಾಡುವವರಿಗೆ ಸ್ಮಾರ್ಟ್ ಕಾರ್ಡ್ ಇದೆ. ಮುಂಜಾನೆ ಎಂಟೂವರೆಯಿಂದ ಹತ್ತರವರೆಗೆ ವಿದ್ಯಾನಗರ, ಹೊಸೂರಿನಂಥ ಕಡೆ ಕೌಂಟರಿನ ಸಾಲು ಒಂದು ಬಸ್ಸು ತಪ್ಪಿಸುವಷ್ಟು ಉದ್ದ ಆಗುತ್ತದೆ. ಕಾರ್ಡಿನ ನಿಜವಾದ ಲಾಭ ಆ ಸಾಲಿನಿಂದ ಪಾರಾಗುವುದು. ಚಿಲ್ಲರೆ ಇಟ್ಟುಕೊಳ್ಳಿ. ಐನೂರರ ನೋಟು ಮುಂದೆ ಚಾಚಿದರೆ ಹಿಂದೆ ನಿಂತವರ ಬಸ್ಸೂ ಹೋಗುತ್ತದೆ.

ಚೀಟಿಯನ್ನು ಹೇಗೆ ಹಿಡಿಯಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಗೇಟಿನ ಮುಂದೆ ಜನ ಒಟ್ಟಾಗಲು ಅದೇ ಕಾರಣ. ಅದು ಶಾಖದಿಂದ ಅಕ್ಷರ ಮೂಡುವ ತೆಳು ಕಾಗದ. ಮೇಲೆ ಅಚ್ಚಾದ ಕೋಡನ್ನು ಯಂತ್ರದ ಗಾಜು ಓದಿದರೆ ಮಾತ್ರ ಗೇಟು ಬಿಡುತ್ತದೆ. ಮಡಿಕೆಯ ಗೆರೆ ಕೋಡಿನ ಮೇಲೇ ಬಿದ್ದರೆ, ಏಪ್ರಿಲ್ ಬಿಸಿಲಿನಲ್ಲಿ ಬೆವರಿದ ಅಂಗೈಯಲ್ಲಿ ಮುದ್ದೆ ಮಾಡಿಕೊಂಡರೆ, ಇಲ್ಲವೇ ಗಾಜಿಗೆ ಒತ್ತಿ ಹಿಡಿದರೆ ಯಂತ್ರ ಓದುವುದಿಲ್ಲ. ಚೀಟಿಯನ್ನು ಚಪ್ಪಟೆಯಾಗಿ, ಕೋಡು ಕೆಳಮುಖವಾಗಿ, ಗಾಜಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ಒಂದು ಕ್ಷಣ ಅಲುಗಾಡಿಸದೆ ಹಿಡಿಯಿರಿ. ಮಡಚಲೇಬೇಕೆಂದರೆ ಕೋಡು ಬಿಟ್ಟು ಮಡಚಿ, ಅಂಗಿಯ ಮೇಲಿನ ಜೇಬಿನಲ್ಲಿ ಇಡಿ. ಇಳಿದು ಹೊರಗೆ ಬರುವ ತನಕ ಎಸೆಯಬೇಡಿ. ಗೇಟು ಕೆಟ್ಟು ಸಿಬ್ಬಂದಿ ಕೈಯಿಂದಲೇ ಜನರನ್ನು ಬಿಡುತ್ತಿದ್ದರೂ ಚೀಟಿ ಕೇಳಿದಾಗ ತೋರಿಸಬೇಕಾಗುತ್ತದೆ.

ಪ್ಲಾಟ್‌ಫಾರ್ಮು ಬಸ್ಸಿನ ನೆಲದ ಮಟ್ಟಕ್ಕೇ ಇದೆ. ಈ ಸೇವೆಯಲ್ಲಿ ಅತಿ ಹೆಚ್ಚು ಬೆಲೆಬಾಳುವ, ಅತಿ ಕಡಿಮೆ ಹೊಗಳಿಕೆ ಕಂಡ ಸಂಗತಿ ಇದು. ಮೊಣಕಾಲು ನೋವಿನ ಅಜ್ಜಿ, ಕೂಸು ಎತ್ತಿಕೊಂಡ ತಾಯಿ, ಗಾಲಿಕುರ್ಚಿಯವರು, ಸಂತೆಯ ಚೀಲ ಹೊತ್ತವರು ಮೆಟ್ಟಿಲು ಹತ್ತದೆ ನೇರ ಒಳಗೆ ಕಾಲಿಡಬಹುದು. ಲೆಕ್ಕವನ್ನೇ ಹಾಕಿ ನೋಡಿ. ಇಕ್ಕಟ್ಟಿನ ಬಾಗಿಲು, ಎತ್ತರದ ಮೆಟ್ಟಿಲು ಇರುವ ಸಾಮಾನ್ಯ ಬಸ್ಸಿಗೆ ಹದಿನೈದು ಜನ ಹತ್ತಲು ತಲೆಗೆ ಮೂರು ಸೆಕೆಂಡಿನಂತೆ 45 ಸೆಕೆಂಡು ಬೇಕು. ಅಗಲ ಬಾಗಿಲು, ಸಮಮಟ್ಟದ ನೆಲ, ಮೊದಲೇ ಕೊಂಡ ಟಿಕೀಟು ಇದ್ದರೆ ಅದೇ ಜನ 15 ಸೆಕೆಂಡಿನಲ್ಲಿ ಒಳಗೆ. ನಿಲ್ದಾಣಕ್ಕೆ 30 ಸೆಕೆಂಡು ಉಳಿದರೆ 25 ನಿಲ್ದಾಣಕ್ಕೆ ಹನ್ನೆರಡೂವರೆ ನಿಮಿಷ. ಚಿಗರಿ ಜೋರಾಗಿ ಓಡುತ್ತದೆ ಎಂದು ಜನ ತಿಳಿಯುತ್ತಾರೆ, ಆದರೆ ಉಳಿತಾಯದ ದೊಡ್ಡ ಪಾಲು ಅದು ಕಮ್ಮಿ ನಿಲ್ಲುವುದರಿಂದ ಬಂದದ್ದು.

ಆದರೆ ಆ ಅಂಚಿನ ಕಡೆ ಒಂದು ಕಣ್ಣಿರಲಿ. ಚಾಲಕ ಬಸ್ಸನ್ನು ಪ್ಲಾಟ್‌ಫಾರ್ಮಿಗೆ ಎಷ್ಟು ಹತ್ತಿರ ತರುತ್ತಾನೆ ಎಂಬುದರ ಮೇಲೆ ನಡುವಿನ ಸಂದಿ ನಿಂತಿದೆ. ಅದು ತೀರಾ ಕಿರಿದಾಗಿದ್ದರೆ ಯಾರೂ ಗಮನಿಸುವುದೇ ಇಲ್ಲ. ಮುಂಭಾಗ ಹತ್ತಿರ, ಹಿಂಭಾಗ ದೂರ ಎಂಬಂತೆ ಬಸ್ಸು ಓರೆಯಾಗಿ ನಿಂತರೆ ಒಂದೇ ಬಸ್ಸಿನ ಒಂದು ಬಾಗಿಲಲ್ಲಿ ಸಂದಿ ಅಂಗೈಯಷ್ಟು, ಇನ್ನೊಂದರಲ್ಲಿ ಮೊಣಕೈ ಉದ್ದದಷ್ಟು. ಟೈರು ಅಂಚಿಗೆ ಉಜ್ಜಿ ಸವೆಯುತ್ತದೆ ಎಂದು ಚಾಲಕರು ಸ್ವಲ್ಪ ದೂರವೇ ಇಡುವುದುಂಟು. ಇದು ಚಾಲಕರ ತಪ್ಪು ಅನ್ನುವುದಕ್ಕಿಂತ ತರಬೇತಿಯ ಮತ್ತು ನೆಲದ ಮೇಲಿನ ಗುರುತಿನ ಕೊರತೆ. ನಿಲ್ಲಬೇಕಾದ ಗೆರೆಗೆ ಮೂರು ತಿಂಗಳಿಗೊಮ್ಮೆ ಬಣ್ಣ ಬಳಿದರೂ ಅರ್ಧ ಕೆಲಸ ಆದೀತು. ಗಾಲಿಕುರ್ಚಿಯವರು ಮುಂದಿನ ಬಾಗಿಲನ್ನು ಆರಿಸಿಕೊಳ್ಳುವುದು ಮೇಲು, ಚಾಲಕನ ಕಣ್ಣಳತೆ ಅಲ್ಲಿ ನಿಖರ. ನಿಲ್ದಾಣದ ಜಾರುಬಾಗಿಲು ಕೆಟ್ಟು ತೆರೆದೇ ಇದ್ದರೆ ಮಕ್ಕಳ ಕೈ ಬಿಡಬೇಡಿ, ಅಂಚಿನಿಂದ ಎರಡು ಹೆಜ್ಜೆ ಒಳಗೆ ನಿಲ್ಲಿ. ಕೆಲವು ಬಸ್ಸು ಆ ನಿಲ್ದಾಣಕ್ಕೆ ನಿಲ್ಲದೆ ವೇಗದಲ್ಲೇ ದಾಟಿ ಹೋಗುತ್ತವೆ.

ಹಾಗೆ ದಾಟಿ ಹೋಗುವವು ಎಕ್ಸ್‌ಪ್ರೆಸ್‌ಗಳು. ಬೋರ್ಡಿನ ಮೇಲೆ 100 ಎಂದಿದ್ದರೆ ಮುಖ್ಯ ನಿಲ್ದಾಣಕ್ಕೆ ಮಾತ್ರ ನಿಲ್ಲುವ ಬಸ್ಸು, 200ರಿಂದ ಶುರುವಾಗುವ ಸಂಖ್ಯೆಗಳು ದಾರಿಯ ಎಲ್ಲ ನಿಲ್ದಾಣಕ್ಕೆ ನಿಲ್ಲುವವು. ನಿಂತ ಬಸ್ಸನ್ನು ಹಿಂದಿನ ಬಸ್ಸು ದಾಟಲು ನಿಲ್ದಾಣದ ಬಳಿ ಪಥವನ್ನು ಅಗಲ ಮಾಡಿರುವುದರಿಂದ ಇದು ಸಾಧ್ಯವಾಗಿದೆ. ಈ ಒಂದು ಮುಂದಾಲೋಚನೆಗೆ ವಿನ್ಯಾಸ ಮಾಡಿದವರನ್ನು ಮನಸಾರೆ ಮೆಚ್ಚಬೇಕು. ದಾಟುವ ಜಾಗ ಇಲ್ಲದೆ ಕಟ್ಟಿದ ಪಥದಲ್ಲಿ ಮುಂದಿನ ಬಸ್ಸು ಕೆಟ್ಟು ನಿಂತರೆ ಹಿಂದಿನವೆಲ್ಲ ಸಾಲಾಗಿ ನಿಲ್ಲುತ್ತವೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ನೇರ ಹೋಗುವವರು 100ಕ್ಕೆ ಕಾಯಿರಿ. ಆದರೆ 200ರ ಬಸ್ಸು ಎದುರಿಗೇ ಬಂದು ನಿಂತಿದ್ದು, ಎಕ್ಸ್‌ಪ್ರೆಸ್ ಬರಲು ಹತ್ತು ನಿಮಿಷ ಇದೆ ಎಂದು ಬೋರ್ಡು ತೋರಿಸುತ್ತಿದ್ದರೆ ಸುಮ್ಮನೆ ಹತ್ತಿಬಿಡಿ. ಇಡೀ ದಾರಿಗೆ ಇವೆರಡರ ನಡುವಿನ ವ್ಯತ್ಯಾಸ ಹತ್ತು-ಹದಿನೈದು ನಿಮಿಷ ಮೀರುವುದು ಕಮ್ಮಿ. ತುದಿಯಿಂದ ತುದಿಗೆ ಎಕ್ಸ್‌ಪ್ರೆಸ್‌ಗೆ ಮುಕ್ಕಾಲು ತಾಸು, ಇನ್ನೊಂದಕ್ಕೆ ಒಂದು ತಾಸು ಹಿಡಿದು ಹೊರಟರೆ ಕೆಲಸ ಕೆಡುವುದಿಲ್ಲ.

ಎಲ್ಲಿ ಇಳಿಯಬೇಕು ಎಂಬುದನ್ನು ಹೊಸಬರಿಗಾಗಿ ಹೇಳುವುದಾದರೆ, ಜನರ ಬಾಯಲ್ಲಿ ಈಗಲೂ ಕಿಮ್ಸ್ ಆಗಿಯೇ ಉಳಿದಿರುವ ಸರಕಾರಿ ದವಾಖಾನೆಗೆ, ವಿದ್ಯಾನಗರದ ಬಿ.ವಿ.ಬಿ. ಕಾಲೇಜಿಗೆ ಆಯಾ ಹೆಸರಿನ ನಿಲ್ದಾಣಗಳೇ ಇವೆ. ಚಂದ್ರಮೌಳೇಶ್ವರ ಗುಡಿಗೆ, ಕೆರೆಯ ದಂಡೆಯ ಉದ್ಯಾನಕ್ಕೆ ಉಣಕಲ್ಲು. ಕ್ಯಾನ್ಸರ್ ಆಸ್ಪತ್ರೆ, ಕಾನೂನು ವಿಶ್ವವಿದ್ಯಾಲಯ ಎರಡಕ್ಕೂ ನವನಗರ. ಎಸ್.ಡಿ.ಎಂ. ದವಾಖಾನೆ ಇರುವುದು ಸತ್ತೂರಿನಲ್ಲಿ. ನವಲೂರಿನಲ್ಲಿ ಪೇರಲ ಹಣ್ಣಿನ ಹಂಗಾಮಿದ್ದರೆ ಇಳಿದು ಒಂದು ಬುಟ್ಟಿ ಕೊಂಡು ಮುಂದಿನ ಬಸ್ಸು ಹಿಡಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಚಿಗರಿ ಮುಟ್ಟದ ಜಾಗಗಳನ್ನೂ ತಿಳಿದಿರಬೇಕು. ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿದೆ, ಈ ಹಾದಿಯಲ್ಲಿಲ್ಲ. ಧಾರವಾಡದ ಉಚ್ಚ ನ್ಯಾಯಾಲಯದ ಪೀಠ ಊರು ದಾಟಿ ಬೆಳಗಾವಿ ರಸ್ತೆಯಲ್ಲಿದೆ, ಅಲ್ಲಿಗೆ ಧಾರವಾಡದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಕರ್ನಾಟಕ ವಿಶ್ವವಿದ್ಯಾಲಯವೂ, ಧಾರವಾಡದ ರೈಲು ನಿಲ್ದಾಣವೂ ಪಥದಿಂದ ದೂರ.

ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಚಿಗರಿ ಹಿಡಿಯುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಉದ್ದ ಎಂದು ಹೆಸರಾದದ್ದು. ಬೋಗಿ ತಪ್ಪಾದ ತುದಿಗೆ ನಿಂತರೆ ಹೊರಬಾಗಿಲಿಗೇ ಹದಿನೈದು ನಿಮಿಷದ ನಡಿಗೆ. ಬಸ್ಸಿನ ಹೊತ್ತನ್ನು ರೈಲಿನ ಹೊತ್ತಿಗೆ ಅಂಟಿಸಿ ಲೆಕ್ಕ ಹಾಕಬೇಡಿ.

ಇನ್ನು ತುದಿಗಳ ಮಾತು. ಹುಬ್ಬಳ್ಳಿ ಪೇಟೆಯ ನಗರ ಬಸ್ ನಿಲ್ದಾಣವಾದ ಸಿ.ಬಿ.ಟಿ.ಯಿಂದ ಹೊಸೂರಿನವರೆಗೆ ಬಸ್ಸಿಗೆ ಸ್ವಂತ ಪಥ ಇಲ್ಲ. ಕಿತ್ತೂರು ಚೆನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆಯ ಕಾಮಗಾರಿ ನಡೆದ ವರ್ಷಗಳಲ್ಲಿ ಈ ತುಂಡು ಇನ್ನೂ ಬಿಗಿಯಾಯಿತು. ಹಾದಿ ಬದಲಾಗುವುದು, ನಿಲ್ದಾಣ ಬದಲಾಗುವುದು ರೂಢಿಯಾಯಿತು. ಅತ್ತ ಧಾರವಾಡದಲ್ಲಿ ಜ್ಯುಬಿಲಿ ಸರ್ಕಲ್ ಮತ್ತು ಅದರಾಚೆಗಿನ ಪೇಟೆ. ದೂರ ನೋಡಿದರೆ ಎರಡೂ ಸೇರಿ ಇಡೀ ಹಾದಿಯ ಒಂದು ಸಣ್ಣ ಪಾಲು. ಹಾಗಿದ್ದೂ ಸಂಜೆ ಐದೂವರೆಗೆ ಬಸ್ಸು ಕಳೆದುಕೊಳ್ಳುವ ಹೊತ್ತೆಲ್ಲ ಬಹುಪಾಲು ಇಲ್ಲೇ ಹೋಗುತ್ತದೆ.

ಕಳೆದುಹೋದ ಹೊತ್ತು ಆ ಒಂದು ಬಸ್ಸಿಗೇ ನಿಲ್ಲುವುದಿಲ್ಲ ಎಂಬುದು ನಿಜವಾದ ಕೇಡು. ಐದು ನಿಮಿಷಕ್ಕೊಂದರಂತೆ ಬಸ್ಸು ಬಿಟ್ಟರು ಅನ್ನಿ. ಮೊದಲ ಬಸ್ಸು ಪೇಟೆಯಲ್ಲಿ ನಾಲ್ಕು ನಿಮಿಷ ಸಿಕ್ಕಿಬಿತ್ತು. ಅಷ್ಟರಲ್ಲಿ ಹೊಸೂರಿನಲ್ಲಿ, ಕಿಮ್ಸ್‌ನಲ್ಲಿ ಕಾಯುವವರು ಹೆಚ್ಚಾದರು. ತಡವಾಗಿ ಬಂದ ಬಸ್ಸಿಗೆ ಹೆಚ್ಚು ಜನ ಹತ್ತಿದರು, ಹತ್ತಲು ಇನ್ನಷ್ಟು ಹೊತ್ತಾಯಿತು, ಬಸ್ಸು ಇನ್ನೂ ತಡವಾಯಿತು. ಎರಡನೆಯ ಬಸ್ಸಿಗೆ ಹತ್ತುವವರೇ ಕಮ್ಮಿ, ಅದು ಬೇಗ ಬೇಗ ನಿಂತು ಹೊರಟು ಮೊದಲನೆಯದರ ಬೆನ್ನಿಗೆ ಬಂದು ಅಂಟಿತು. ಪೂರ್ತಿ ಪಥ ಖುಲ್ಲಾ ಇರುವ ಉಣಕಲ್ಲಿನಲ್ಲಿ ನಿಂತವನಿಗೆ ಕಾಣುವುದೇನು? ಹದಿನೈದು ನಿಮಿಷ ಒಂದೂ ಇಲ್ಲ, ಆಮೇಲೆ ಎರಡು-ಮೂರು ಒಟ್ಟಿಗೇ. ಮುಂದಿನದು ಕಿಕ್ಕಿರಿದದ್ದು, ಹಿಂದಿನದು ಖಾಲಿ. "ಬಂದ್ರ ಮೂರು ಬರ್ತಾವ, ಇಲ್ಲಂದ್ರ ಒಂದೂ ಇಲ್ರಿ" ಎಂಬ ದೂರಿನ ಮೂಲ, ಚಾಲಕರು ಮನಸ್ಸಿಗೆ ಬಂದ ಹಾಗೆ ಓಡಿಸುವುದರಲ್ಲಿ ಇಲ್ಲ, ತುದಿಯಲ್ಲಿ ಪಥ ಇಲ್ಲದಿರುವುದರಲ್ಲಿದೆ. ಹೀಗೆ ಬೆನ್ನಿಗೆ ಬೆನ್ನು ಬಂದಾಗ ಮೊದಲ ಬಸ್ಸಿಗೆ ಮುಗಿಬೀಳಬೇಡಿ. ಅರ್ಧ ನಿಮಿಷ ಕಾದರೆ ಎರಡನೆಯದರಲ್ಲಿ ಕಿಟಕಿಯ ಸೀಟೇ ಸಿಕ್ಕೀತು.

ಇದಕ್ಕೆ ಮದ್ದು ಸಂಸ್ಥೆಯ ಕೈಯಲ್ಲೂ ಇದೆ. ತುದಿಯಿಂದ ಹೊರಡುವ ವೇಳೆಯನ್ನಷ್ಟೇ ಹಿಡಿದು ಕೂತರೆ ಸಾಲದು. ಪಥ ಶುರುವಾಗುವ ಹೊಸೂರಿನಲ್ಲಿ ಒಬ್ಬ ನಿಯಂತ್ರಕನನ್ನು ಕೂರಿಸಿ, ಅಂಟಿಕೊಂಡು ಬಂದ ಎರಡನೇ ಬಸ್ಸನ್ನು ಎರಡು-ಮೂರು ನಿಮಿಷ ತಡೆದು ಬಿಡಬೇಕು. ಬಸ್ಸುಗಳು ಎಲ್ಲಿವೆ ಎಂಬುದು ಪರದೆಯ ಮೇಲೆ ಕಾಣುವ ವ್ಯವಸ್ಥೆ ಇರುವಾಗ ಈ ಕೆಲಸಕ್ಕೆ ಹೊಸ ಖರ್ಚಿಲ್ಲ. ಪೇಟೆಯ ಗದ್ದಲದ ಹೊತ್ತಿನಲ್ಲಿ ಒಂದಿಷ್ಟು ಬಸ್ಸನ್ನು ಹೊಸೂರಿನಿಂದಲೇ ಶುರುಮಾಡಿ ಹೊಸೂರಿಗೇ ಮುಗಿಸಿದರೆ ನಡುಹಾದಿಯ ವೇಳೆ ತಾನೇ ಸರಿಹೋಗುತ್ತದೆ. ಪ್ರಯಾಣಿಕರ ಮಟ್ಟಿಗೂ ಇದೇ ಒಳ್ಳೆಯ ಉಪಾಯ: ಹೊಸೂರಿಗೆ ಹತ್ತಿರ ಇರುವವರು ಸಿ.ಬಿ.ಟಿ.ಗೆ ಹಿಂದೆ ಹೋಗಿ ಸೀಟು ಹಿಡಿಯುವ ಆಸೆ ಬಿಡಿ, ಹೊಸೂರಿನಲ್ಲೇ ಹತ್ತಿ.

ಸಿಗ್ನಲ್ಲುಗಳದು ಎರಡನೆಯ ಗಂಟು. ಪಥ ಎಷ್ಟೇ ಖುಲ್ಲಾ ಇದ್ದರೂ ಅಡ್ಡರಸ್ತೆ ಬಂದಲ್ಲಿ ಬಸ್ಸು ನಿಲ್ಲಲೇಬೇಕು. ಒಂದು ಸುತ್ತು 120 ಸೆಕೆಂಡಿನದು, ಬಸ್ಸಿಗೆ ಹಸಿರು 30 ಸೆಕೆಂಡು ಎಂದಿಟ್ಟುಕೊಂಡರೆ ಸರಾಸರಿ ಕಾಯುವಿಕೆ 34 ಸೆಕೆಂಡಿನ ಹತ್ತಿರ ಬರುತ್ತದೆ. ಅಂಥ ಹತ್ತು ಸಿಗ್ನಲ್ಲಿಗೆ ಐದೂವರೆ ನಿಮಿಷಕ್ಕೂ ಹೆಚ್ಚು. ಬಸ್ಸು ನೂರು-ನೂರೈವತ್ತು ಮೀಟರ್ ದೂರದಲ್ಲಿರುವಾಗಲೇ ಗುರುತು ಹಿಡಿದು ಹಸಿರನ್ನು ಎಂಟ್ಹತ್ತು ಸೆಕೆಂಡು ಹಿಗ್ಗಿಸುವ ಏರ್ಪಾಡು ಎಲ್ಲ ಕೂಡುರಸ್ತೆಗಳಲ್ಲಿ, ಎಲ್ಲ ಹೊತ್ತಿನಲ್ಲಿ ಕೆಲಸ ಮಾಡಿದರೆ ಇದರಲ್ಲಿ ಒಳ್ಳೆಯ ಪಾಲು ಉಳಿಯುತ್ತದೆ. ಅಡ್ಡ ಬರುವ ಕಾರಿನವರಿಗೆ ಆಗುವ ನಷ್ಟ ಅದೇ ಎಂಟ್ಹತ್ತು ಸೆಕೆಂಡು, ಅದೂ ಬಸ್ಸು ಬಂದಾಗ ಮಾತ್ರ.

ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಪ್ರತಿಯೊಬ್ಬ ಪ್ರಯಾಣಿಕನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓಡುವ ವಾಹನಗಳ ಎದುರು ರಸ್ತೆ ದಾಟಲೇಬೇಕು. ಪಾದಚಾರಿ ಸಿಗ್ನಲ್ಲು ಇರುವಲ್ಲಿ ಗುಂಡಿ ಒತ್ತಿ ಕಾಯಿರಿ. ಸಿಗ್ನಲ್ಲು ಆರಿಹೋಗಿದ್ದರೆ, ಇಲ್ಲವೇ ವಾಹನಗಳು ಕೆಂಪಿಗೂ ನಿಲ್ಲದಿದ್ದರೆ, ನಾಲ್ಕೈದು ಜನ ಕೂಡಿ ಒಟ್ಟಿಗೆ ದಾಟಿ. ಬಸ್ಸು ಬಂತೆಂದು ಕಬ್ಬಿಣದ ಬೇಲಿ ಹಾರುವ ಹುಡುಗರನ್ನು ಉಣಕಲ್ಲಿನಲ್ಲೂ ವಿದ್ಯಾಗಿರಿಯಲ್ಲೂ ಕಾಣಬಹುದು. ಒಂದು ಬಸ್ಸಿಗಾಗಿ ಆ ಧೈರ್ಯ ಮಾಡಬೇಡಿ ಎಂದು ಕೈಮುಗಿದು ಹೇಳಬೇಕೆನಿಸುತ್ತದೆ. ಬಸ್ಸಿನ ಪಥದಲ್ಲಿ ವಾಹನ ಕಮ್ಮಿ, ಹಾಗಾಗಿಯೇ ಬರುವ ಬಸ್ಸು ಜೋರಾಗಿ ಬರುತ್ತದೆ. ಅದೇ ಪಥಕ್ಕೆ ನುಗ್ಗುವ ಬೈಕು, ಕಾರುಗಳದೂ ಇದೇ ಅಪಾಯ. ಆಂಬುಲೆನ್ಸು ಆ ಪಥದಲ್ಲಿ ಬಂದರೆ ಯಾರೂ ಬೇಡ ಅನ್ನುವುದಿಲ್ಲ. ಕಿಮ್ಸ್, ಎಸ್.ಡಿ.ಎಂ. ಎರಡೂ ಇದೇ ದಾರಿಯಲ್ಲಿರುವಾಗ ಅದು ಬರಲೇಬೇಕು. ಉಳಿದವರಿಗೆ ದಂಡ ಬೀಳಬೇಕು, ತಪ್ಪದೆ ಬೀಳಬೇಕು.

ಮಳೆಗಾಲಕ್ಕೆ ಬೇರೆಯೇ ಎಚ್ಚರಿಕೆ. ಧಾರವಾಡದ ಟೋಲ್ ನಾಕಾ ತಗ್ಗಿನ ಜಾಗ. ಜೋರು ಮಳೆ ಒಂದು ತಾಸು ಸುರಿದರೆ ನೀರು ರಸ್ತೆಯಲ್ಲೇ ನಿಲ್ಲುತ್ತದೆ ಎಂಬುದು ಪ್ರತಿವರ್ಷ ಪತ್ರಿಕೆಗಳಲ್ಲಿ ಫೋಟೊ ಸಮೇತ ಬರುವ ಸುದ್ದಿ. ರಸ್ತೆ ಅಗಲವಾಗಿ ಕಾಂಕ್ರೀಟು, ಡಾಂಬರು ಹೆಚ್ಚಾದಷ್ಟೂ ಇಂಗುವ ನೀರು ಕಮ್ಮಿ, ಹರಿದು ಬರುವ ನೀರು ಹೆಚ್ಚು. ಅದಕ್ಕೆ ತಕ್ಕ ಅಳತೆಯ ಚರಂಡಿ ಇಲ್ಲದಿದ್ದರೆ, ಇದ್ದರೂ ಹೂಳು ತೆಗೆಯದಿದ್ದರೆ ನೀರು ತಗ್ಗು ಹುಡುಕಿಕೊಂಡು ಬಂದೇ ಬರುತ್ತದೆ. ಮಳೆ ಹಿಡಿದ ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರು ಅರ್ಧ ತಾಸು ಹೆಚ್ಚಿಗೆ ಇಟ್ಟುಕೊಳ್ಳಿ. ಟೋಲ್ ನಾಕಾ ಸುತ್ತಮುತ್ತಲಿನವರು ನೀರು ನಿಂತಿದ್ದರೆ ಅಲ್ಲೇ ಇಳಿಯುವ ಹಟ ಬಿಟ್ಟು, ಒಂದು ನಿಲ್ದಾಣ ಮೊದಲೋ ಆಮೇಲೋ ಇಳಿಯುವುದು ವಾಸಿ. ನಡುರಸ್ತೆಯಿಂದ ಬದಿಗೆ ಬರುವಾಗ ಕೆಸರು ನೀರಿನಡಿ ತೆರೆದ ಗುಂಡಿ ಕಾಣುವುದಿಲ್ಲ.

ಹೆಣ್ಣುಮಕ್ಕಳು ಹೆಚ್ಚು ಕೇಳುವ ಪ್ರಶ್ನೆ ಶಕ್ತಿ ಯೋಜನೆಯದು. 2023ರ ಜೂನ್ 11ರಂದು ಶುರುವಾದ ಆ ಉಚಿತ ಪ್ರಯಾಣ ಸಾಮಾನ್ಯ, ನಗರ ಮತ್ತು ವೇಗದೂತ ಬಸ್ಸುಗಳಿಗೆ. ಹವಾನಿಯಂತ್ರಿತ ಬಸ್ಸಿಗೆ ಇಲ್ಲ, ಹಾಗಾಗಿ ಚಿಗರಿಗೆ ದುಡ್ಡು ಕೊಡಬೇಕು. ಪರಿಣಾಮ ಊಹಿಸಲು ಕಷ್ಟವಿಲ್ಲ. ನವನಗರದಲ್ಲಿ ಮನೆಗೆಲಸಕ್ಕೆ ಹೋಗುವವರು, ಪೇಟೆಯ ಅಂಗಡಿಗಳಲ್ಲಿ ದುಡಿಯುವವರು ಪಕ್ಕದ ರಸ್ತೆಯಲ್ಲಿ ಬರುವ ಸಾಮಾನ್ಯ ಬಸ್ಸಿಗೆ ಕಾಯುತ್ತಾರೆ. ಅದು ತಡವಾದರೂ ತಿಂಗಳ ಪಗಾರದಲ್ಲಿ ಉಳಿತಾಯ ಕಣ್ಣಿಗೆ ಕಾಣುತ್ತದೆ. ಅತಿ ವೇಗದ ಪಥ ಕಟ್ಟಿ, ಅದರ ಅಗತ್ಯ ಅತಿ ಹೆಚ್ಚು ಇರುವವರನ್ನು ಪಕ್ಕದ ನಿಧಾನದ ಲೇನಿಗೆ ಕಳಿಸಿದ ಹಾಗಾಗಿದೆ. ಸರಕಾರ ಈ ಹಾದಿಯ ಹೆಣ್ಣುಮಕ್ಕಳಿಗೆ ಚಿಗರಿಯ ದರದಲ್ಲಿ ಅರ್ಧ ರಿಯಾಯಿತಿ ಕೊಟ್ಟರೂ ಬಹಳ ಬದಲಾದೀತು. ಇಲ್ಲವೇ ಬಲಬಾಗಿಲಿನ, ಎ.ಸಿ. ಇಲ್ಲದ ಒಂದಷ್ಟು ಬಸ್ಸನ್ನು ಇದೇ ಪಥಕ್ಕೆ ತರಬೇಕು. ಧಾರವಾಡದ ಹವೆಗೆ ವರ್ಷದ ಎಂಟು ತಿಂಗಳು ತೆರೆದ ಕಿಟಕಿ ಸಾಕು. ಎ.ಸಿ. ಇಲ್ಲದಿದ್ದರೆ ಡೀಸೆಲ್ಲೂ ಉಳಿಯುತ್ತದೆ, ಬಸ್ಸಿನ ಬೆಲೆಯೂ ಇಳಿಯುತ್ತದೆ.

ಬಸ್ಸುಗಳ ವಯಸ್ಸಿನ ಮಾತೂ ಇದೆ. ಮೊದಲು ಬಂದವು 2018ರವು. ನಗರದ ಬಸ್ಸು ದಿನಕ್ಕೆ ನೂರಾರು ಸಲ ನಿಂತು ಹೊರಡುತ್ತದೆ, ಬಾಗಿಲು ಅಷ್ಟೇ ಸಲ ತೆರೆದು ಮುಚ್ಚುತ್ತದೆ. ಹಾಗಾಗಿ ಎಂಜಿನ್ನಿಗಿಂತ ಮೊದಲು ಬಾಗಿಲು ಕೈಕೊಡುತ್ತದೆ. ಗಾಳಿಯ ಒತ್ತಡದಲ್ಲಿ ಓಡುವ ಬಾಗಿಲಿನ ಸಿಲಿಂಡರಿನಲ್ಲಿ ರಬ್ಬರು ಸವೆದು ಗಾಳಿ ಸೋರಿದರೆ ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ದಡಾರನೆ ಬಡಿಯುತ್ತದೆ. ಬಾಗಿಲು ಪೂರ್ತಿ ಮುಚ್ಚದೆ ಬಸ್ಸು ಮುಂದೆ ಹೋಗದಂತೆ ಇರುವ ರಕ್ಷಣೆ ಆಗ ಚಾಲಕನಿಗೇ ಅಡ್ಡಿಯಾಗುತ್ತದೆ. ಬಾಗಿಲ ಬಳಿ ಉಸ್ಸೆಂಬ ಸದ್ದು ಬಿಡದೆ ಕೇಳುತ್ತಿದ್ದರೆ ಅದಕ್ಕೆ ಒರಗಿ ನಿಲ್ಲಬೇಡಿ. ಎ.ಸಿ. ಕೆಟ್ಟ ಬಸ್ಸು ಇನ್ನೂ ಕಷ್ಟದ್ದು, ತೆರೆಯಲು ಕಿಟಕಿ ಇಲ್ಲ. ನೂರು ಬಸ್ಸು ತಂದ ಹಾಗೆ ನೂರು ಬಸ್ಸನ್ನು ರಸ್ತೆಯ ಮೇಲೆ ಇಡಲು ಬಿಡಿಭಾಗದ ದಾಸ್ತಾನು ಬೇಕು. ಇದಕ್ಕೆ ಪ್ರತಿವರ್ಷ ಹಣ ಎತ್ತಿಡುವುದು ಉದ್ಘಾಟನೆಯಷ್ಟು ಅಂದವಾಗಿ ಕಾಣುವುದಿಲ್ಲ, ಆದರೆ ಸೇವೆ ಉಳಿಯುವುದು ಅದರಿಂದ.

ಬೇರೆ ದಾರಿಗಳೇನು? ರೈಲು ಅಗ್ಗ, ಹೊತ್ತು ಕೂಡಿ ಬಂದರೆ ಬೇಗ, ಆದರೆ ಧಾರವಾಡ ನಿಲ್ದಾಣದಿಂದ ಪೇಟೆಗೆ ಆಟೋ ಹಿಡಿಯಬೇಕು. ಸಾಮಾನ್ಯ ಬಸ್ಸು ಒಳಊರುಗಳಿಗೆ, ಬಡಾವಣೆಗಳಿಗೆ ಅನುಕೂಲ. ಸ್ವಂತ ಬೈಕು ಬೇಗ ಅನಿಸುತ್ತದೆ, ದಿನಕ್ಕೆ ನಲವತ್ತು ಕಿಲೋಮೀಟರಿನ ಪೆಟ್ರೋಲು ಮತ್ತು ಬೆನ್ನುನೋವು ಲೆಕ್ಕಕ್ಕೆ ಹಿಡಿಯುವ ತನಕ. ಹೊಸೂರಿನಿಂದ ವಿದ್ಯಾಗಿರಿಯವರೆಗೆ ಎಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ಚಿಗರಿಗೆ ಸಾಟಿ ಇಲ್ಲ. ಮನೆ ಪಥದಿಂದ ಎರಡು ಕಿಲೋಮೀಟರ್ ಒಳಗಿದ್ದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ: ಆಟೋಕ್ಕೆ ಕೊಡುವ ದುಡ್ಡು ಚಿಗರಿಯ ಟಿಕೀಟನ್ನೇ ಮೀರುತ್ತದೆ. ಬಡಾವಣೆಗಳಿಂದ ನಿಲ್ದಾಣಕ್ಕೆ ಕೂಡಿಸುವ ಸಣ್ಣ ಬಸ್ಸುಗಳು ಹದಿನೈದು ನಿಮಿಷಕ್ಕೊಂದರಂತೆ, ಒಂದೇ ಟಿಕೀಟಿನಲ್ಲಿ ಓಡದ ಹೊರತು ಈ ಕೊರತೆ ತುಂಬುವುದಿಲ್ಲ.

ಪಥವನ್ನೇ ತೆಗೆದು ಎಲ್ಲ ವಾಹನಗಳಿಗೆ ಬಿಡಿ ಎಂಬ ಕೂಗು ಆಗಾಗ ಏಳುತ್ತದೆ. ಅದಕ್ಕೆ ಮೊದಲು ರಸ್ತೆಬದಿಗೆ ನಿಂತು ಒಂದು ತಾಸು ತಲೆ ಎಣಿಸಿ. ಎರಡು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ ಅರವತ್ತು ಜನ ಎಂದರೆ ಒಂದು ಲೇನಿನಲ್ಲಿ ತಾಸಿಗೆ 1,800 ಜನ. ಸಿಗ್ನಲ್ಲಿರುವ ರಸ್ತೆಯ ಒಂದು ಲೇನಿನಲ್ಲಿ ತಾಸಿಗೆ 700 ಕಾರು ಹೋದರೂ, ಕಾರಿಗೆ ಒಂದೂವರೆ ಜನದಂತೆ, 1,050. ಬಸ್ಸಿನ ನಡುವಿನ ಅಂತರ ನಾಲ್ಕು ನಿಮಿಷಕ್ಕೆ ಏರಿದರೆ ಬಸ್ಸಿನ ಲೆಕ್ಕ 900ಕ್ಕೆ ಇಳಿಯುತ್ತದೆ, ಆಗ ಕಾರಿನವರ ಕೂಗಿಗೆ ಬಲ ಬರುತ್ತದೆ. ಖಾಲಿ ಕಾಣುವ ಪಥವನ್ನು ಉಳಿಸಿಕೊಳ್ಳಲು ಇರುವ ಒಂದೇ ದಾರಿ ಅದರಲ್ಲಿ ಬಸ್ಸು ಹೆಚ್ಚಿಸುವುದು. ಸಾಮಾನ್ಯ ಬಸ್ಸುಗಳಿಗೂ ಬಲಬಾಗಿಲು ಮಾಡಿಸಿ ಇದರೊಳಗೆ ತಂದರೆ ಪಥವೂ ತುಂಬುತ್ತದೆ, ಪಕ್ಕದ ಲೇನೂ ಹಗುರಾಗುತ್ತದೆ, ಶಕ್ತಿಯ ಹೆಣ್ಣುಮಕ್ಕಳಿಗೂ ಸಮಮಟ್ಟದ ಪ್ಲಾಟ್‌ಫಾರ್ಮು ಸಿಗುತ್ತದೆ.

ಅಂಕ ಕೊಡುವುದಾದರೆ ನಡುಹಾದಿಗೆ ಹತ್ತಕ್ಕೆ ಒಂಬತ್ತು, ಟಿಕೀಟಿನ ವ್ಯವಸ್ಥೆಗೆ ಆರು, ರಸ್ತೆ ದಾಟುವಿಕೆಗೆ ನಾಲ್ಕು, ಹುಬ್ಬಳ್ಳಿಯ ತುದಿಗೆ ಮೂರು, ಧಾರವಾಡದ ತುದಿಗೂ ಮೂರೇ. ಸಂಜೆ ಧಾರವಾಡದಿಂದ ಹುಬ್ಬಳ್ಳಿಗೆ ಮರಳುವವರಿಗೆ ಒಂದು ಮಾತು: ಜ್ಯುಬಿಲಿ ಸರ್ಕಲ್ಲಿನಲ್ಲಿ ನಿಂತು ಪೇಟೆಯಿಂದ ಬಸ್ಸು ಹೊರಬರುವುದನ್ನೇ ನೋಡುತ್ತಾ ಕಾಯುವ ಬದಲು, ಮಳೆ ಇಲ್ಲದಿದ್ದರೆ ಕೋರ್ಟ್ ಸರ್ಕಲ್ಲಿನವರೆಗೆ ನಡೆದುಬಿಡಿ.